ಫ್ರಿಜ್ಜು ಕೀಂ ಕೀಂ ಅಂದರೆ ಏನು ಹೇಳುತ್ತಿದೆ?

ಏಪ್ರಿಲ್ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆ. ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಎಲ್ಲೋ ಕೀಂ ಕೀಂ ಅಂತ ಶಬ್ದ. ಮೂರು ಸಲ ಕೂಗುತ್ತದೆ, ಸುಮ್ಮನಾಗುತ್ತದೆ, ಒಂದು ನಿಮಿಷ ಬಿಟ್ಟು ಮತ್ತೆ ಶುರು. ಮೊದಲು ಮೊಬೈಲ್ ನೋಡಿದೆ. ಆಮೇಲೆ ಯುಪಿಎಸ್. ಆಮೇಲೆ ನೀರಿನ ಫಿಲ್ಟರ್. ಇಂಡಕ್ಷನ್ ಒಲೆಯ ಪ್ಲಗ್ಗನ್ನೂ ಕಿತ್ತೆ. ಅಷ್ಟರಲ್ಲಿ ಅಮ್ಮ ಎದ್ದು ಬಂದಳು.

"ಏನೋ ಅದು, ಸಂದೀಲಿ ಸಿಕ್ಕಾಕ್ಕೊಂಡ ಕೋಳಿಮರಿ ತರ ಕೂಗ್ತಾ ಐತೆ?"

ಇಬ್ಬರೂ ಅಡುಗೆಮನೆಯಲ್ಲೇ ನಿಂತಿದ್ದೆವು. ಫ್ರಿಜ್ಜಿಗೂ ನಮಗೂ ನಾಲ್ಕು ಅಡಿ. ಆದರೂ ಶಬ್ದ ಅಲ್ಲಿಂದಲೇ ಬರುತ್ತಿದೆ ಅಂತ ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಇದರಲ್ಲಿ ನಮ್ಮ ಕಿವಿಯದ್ದು ಅಂಥ ತಪ್ಪೇನಿಲ್ಲ. ಶಬ್ದ ಯಾವ ದಿಕ್ಕಿನದು ಅಂತ ತಿಳಿಯಲು ನಮ್ಮ ಮೆದುಳು ಎರಡು ಲೆಕ್ಕ ಹಾಕುತ್ತದೆ. ಯಾವ ಕಿವಿಗೆ ಮೊದಲು ಮುಟ್ಟಿತು ಅನ್ನುವುದು ಒಂದು, ಯಾವ ಕಿವಿಗೆ ಜೋರಾಗಿ ಕೇಳಿತು ಅನ್ನುವುದು ಇನ್ನೊಂದು. ದಪ್ಪ ದನಿಗೆ ಮೊದಲ ಲೆಕ್ಕ ಸಾಕು. ತೀರಾ ಕೀರಲು ದನಿಗೆ ಎರಡನೆಯದು ಸಾಕು. ಇಂಥ ಬಜರ್‌ಗಳು ಕೂಗುವುದು ಸಾಮಾನ್ಯವಾಗಿ 2,000ದಿಂದ 4,000 ಹರ್ಟ್ಜ್ ಆಸುಪಾಸಿನಲ್ಲಿ. ಆ ನಡುವಿನ ಜಾಗದಲ್ಲಿ ಎರಡು ಲೆಕ್ಕವೂ ಸ್ವಲ್ಪ ಮಂಕು. ಅದರ ಮೇಲೆ ಟೈಲ್ಸ್ ಹಾಕಿದ ಗೋಡೆ, ಟೈಲ್ಸ್ ಹಾಕಿದ ನೆಲ. ಶಬ್ದ ಎಲ್ಲ ಕಡೆಯಿಂದಲೂ ವಾಪಸ್ ಬರುತ್ತದೆ.

ಸಿಕ್ಕಿತಲ್ಲ ಅಂತ ಖುಷಿಯಾಗಿ ಬಾಗಿಲನ್ನು ಜೋರಾಗಿ ತಳ್ಳಿದೆ. ನಿಲ್ಲಲಿಲ್ಲ. ಮುಂದಿನ ಫಲಕದಲ್ಲಿದ್ದ ಒಂದು ಗುಂಡಿ ಒತ್ತಿದೆ, ನಿಂತಿತು. ಅರ್ಧ ಗಂಟೆಗೆ ಮತ್ತೆ ಬಂತು. ಕೊನೆಗೆ ಸ್ವಿಚ್ಚನ್ನೇ ಆರಿಸಿ, ಐದು ನಿಮಿಷ ಬಿಟ್ಟು ಹಾಕಿದೆ. ಗಪ್‌ಚುಪ್. ರಿಪೇರಿ ಆಯಿತು ಅಂತ ಹೋಗಿ ಮಲಗಿದೆ. ನಾನು ಮಾಡಿದ ತಪ್ಪು ಅದೇ. ಎಷ್ಟೋ ಮನೆಗಳಲ್ಲಿ ಇದೇ ಆಗುತ್ತದೆ ಅನ್ನುವುದಕ್ಕೇ ಇದನ್ನು ಬರೆಯುತ್ತಿರುವುದು. ಕೂಗು ನಿಲ್ಲಿಸುವುದು ಸುಲಭ. ಆದರೆ ನಿಲ್ಲಿಸುವ ಮೊದಲು ಅದು ಯಾವ ಕೂಗು ಅಂತ ಕೇಳಿಸಿಕೊಳ್ಳಬೇಕು.

ಯಾಕೆಂದರೆ ಫ್ರಿಜ್ಜಿಗೆ ಒಂದೇ ದನಿ ಇದ್ದರೂ ಹೇಳುವ ಮಾತು ಬೇರೆ ಬೇರೆ. ಎಲ್ಲರಿಗೂ ಗೊತ್ತಿರುವುದು ಬಾಗಿಲಿನ ಕೂಗು. ಬಾಗಿಲು ತೆಗೆದು ಒಂದೆರಡು ನಿಮಿಷ ಆದರೆ ಶುರುವಾಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಎರಡನೆಯದು ಶಾಖದ ಕೂಗು. ಒಳಗಿನ ತಂಪು ಒಂದು ಮಿತಿ ದಾಟಿ ಕಡಿಮೆಯಾಗಿದೆ, ಅದೂ ಸುಮಾರು ಹೊತ್ತಿನಿಂದ, ಅನ್ನುವ ಮಾತು ಅದು. ಬಾಗಿಲು ಮುಚ್ಚಿದ್ದರೂ ಕೂಗುತ್ತದೆ. ಗುಂಡಿ ಒತ್ತಿದರೆ ನಿಂತು, ಮತ್ತೆ ಬರುತ್ತದೆ. ಮೂರನೆಯದು ಫ್ರಿಜ್ಜಿನ ಒಳಭಾಗ ಯಾವುದೋ ಕೈಕೊಟ್ಟಿದೆ ಅನ್ನುವ ಕೂಗು. ಜೊತೆಗೆ ಫಲಕದ ಮೇಲೆ ಅಕ್ಷರ-ಅಂಕಿಯ ಒಂದು ಗುರುತು ಬರುತ್ತದೆ, ಇಲ್ಲವೇ ದೀಪ ಇಂತಿಷ್ಟು ಸಲ ಅಂತ ಮಿಣುಕುತ್ತದೆ. ಈ ಗುರುತು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಫ್ಯಾನಿಗೆ ಇರುವ ನಂಬರ್ ನಿಮ್ಮದರಲ್ಲಿ ತಂಪು ಅಳೆಯುವ ಸೆನ್ಸರ್‌ಗೆ ಇರಬಹುದು. ಆದ್ದರಿಂದ ಸ್ವಿಚ್ ಆರಿಸುವ ಮೊದಲು ಫೋನಿನಲ್ಲಿ ಆ ಫಲಕದ ಒಂದು ಫೋಟೋ ತೆಗೆದುಕೊಳ್ಳಿ. ಕೂಗಿನದ್ದೂ ಹತ್ತು ಸೆಕೆಂಡ್ ವಿಡಿಯೋ ಮಾಡಿ. ರಿಪೇರಿಯವರು ಬರುವ ಹೊತ್ತಿಗೆ ಅದು ಒಳ್ಳೇ ಹುಡುಗನ ತರ ಸುಮ್ಮನಿರುತ್ತದೆ, ಬೇಕಾದರೆ ನೋಡಿ.

ಸ್ವಿಚ್ ಆರಿಸಿ ಹಾಕಿದರೆ ಯಾಕೆ ಸುಮ್ಮನಾಗುತ್ತದೆ? ಹೊಸದಾಗಿ ಹಚ್ಚಿದ ಫ್ರಿಜ್ಜು ಬೆಚ್ಚಗೇ ಇರುತ್ತದೆ ಅಂತ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಗೊತ್ತು. ಹಾಗಾಗಿ ತಣ್ಣಗಾಗಲು ಅದಕ್ಕೆ ಒಂದಷ್ಟು ಗಂಟೆ ಗಡುವು ಕೊಟ್ಟಿರುತ್ತಾರೆ. ಗಡುವು ಮುಗಿಯುವ ತನಕ ಶಾಖದ ಕೂಗು ಇಲ್ಲ. ನಮ್ಮ ಫ್ರಿಜ್ಜು ಅವತ್ತು ವಾಸಿಯಾಗಿರಲಿಲ್ಲ. ಹಳೆಯದನ್ನು ಮರೆತಿತ್ತು, ಅಷ್ಟೆ.

ಎರಡು ದಿನ ಬಿಟ್ಟು ಕಾಯಿಲೆಯನ್ನು ಕಂಡುಹಿಡಿದದ್ದು ಅಮ್ಮ. ಇಡ್ಲಿ ಹಿಟ್ಟಿನಿಂದ. ರಾತ್ರಿ ಹುದುಗಿದ ಹಿಟ್ಟಿನಲ್ಲಿ ಬೆಳಿಗ್ಗೆಗೆ ತಟ್ಟೆ ಇಡ್ಲಿ ಹಾಕಿ, ಉಳಿದದ್ದನ್ನು ಮಧ್ಯದ ಅಟ್ಟದಲ್ಲಿ ಇಟ್ಟಿದ್ದಳು. ಮಾರನೇ ದಿನ ಬಾಗಿಲು ತೆಗೆದರೆ ಮುಚ್ಚಿದ ತಟ್ಟೆ ಪಕ್ಕಕ್ಕೆ ವಾಲಿದೆ. ಹಿಟ್ಟು ಉಕ್ಕಿ, ಅಂಚಿನಿಂದ ಇಳಿದು, ಕೆಳಗಿನ ಅಟ್ಟದ ಟೊಮೆಟೊ ಮೇಲೆ ತೊಟ್ಟಿಕ್ಕಿದೆ.

"ಒಳಗಿಟ್ಟ ಹಿಟ್ಟು ಉಕ್ಕಿದೆ ಅಂದ್ರೆ ಇದು ಫ್ರಿಜ್ಜಲ್ಲ ಕಣೋ, ಬೀರು."

ಅದು ಸರಿಯಾದ ಮಾತು. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ನಾಲ್ಕೈದು ಡಿಗ್ರಿಯಲ್ಲಿ ಹೆಚ್ಚು ಕಡಿಮೆ ನಿದ್ದೆ ಹೋಗುತ್ತವೆ. ಅವು ಕೆಲಸ ಮಾಡಿವೆ ಅಂದರೆ ಅಲ್ಲಿ ನಾಲ್ಕೈದು ಡಿಗ್ರಿ ಇರಲಿಲ್ಲ. ಆದರೆ ನಾನು ಒಪ್ಪಲಿಲ್ಲ. ಯಾಕೆಂದರೆ ಮೇಲಿನ ಫ್ರೀಜರ್‌ನಲ್ಲಿ ಜನವರಿಯಲ್ಲಿ ಹಿಸುಕಿಟ್ಟ ಅವರೆಬೇಳೆ ಕಲ್ಲಿನ ಹಾಗಿತ್ತು. ಮೇಲೆ ಬೇಳೆ ಗಟ್ಟಿ ಇದ್ದರೆ ಕೆಳಗೆ ಫ್ರಿಜ್ಜು ಹೇಗೆ ಕೆಟ್ಟಿರುತ್ತದೆ?

ಇಲ್ಲೇ ಇರುವುದು ಎಲ್ಲ ಗಂಟು. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಈಗಿನ ಎರಡು ಬಾಗಿಲಿನ ಫ್ರಿಜ್ಜುಗಳನ್ನು ಫ್ರಾಸ್ಟ್ ಫ್ರೀ ಅಂತಾರೆ. ಐಸ್ ಕಟ್ಟದ ಫ್ರಿಜ್ಜು. ಆ ಹೆಸರು ಅರ್ಧ ಸುಳ್ಳು. ಐಸ್ ಕಟ್ಟುತ್ತದೆ, ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ. ಫ್ರೀಜರ್‌ನ ಹಿಂದಿನ ಬಿಳೀ ಪ್ಲಾಸ್ಟಿಕ್ ಗೋಡೆ ಇದೆಯಲ್ಲ, ಅದರ ಹಿಂದೆ ಒಂದು ಕಾಯಿಲ್ ಇರುತ್ತದೆ. ಅಲ್ಯೂಮಿನಿಯಂ ಕೊಳವೆ, ಅದಕ್ಕೆ ತೆಳು ರೆಕ್ಕೆಗಳು. ಕಂಪ್ರೆಸರ್, ಅಂದರೆ ಕೊಳವೆಯೊಳಗಿನ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟರು, ಓಡುವಾಗ ಇದು ಸೊನ್ನೆಗಿಂತ 20-25 ಡಿಗ್ರಿ ಕೆಳಗೆ ಹೋಗುತ್ತದೆ. ಇಡೀ ಫ್ರಿಜ್ಜಿಗೆ ತಂಪು ಹುಟ್ಟುವುದು ಇದೊಂದೇ ಕಡೆ. ಕಾಯಿಲ್ ಹತ್ತಿರ ಒಂದು ಪುಟ್ಟ ಫ್ಯಾನ್ ಇದ್ದು, ಗಾಳಿಯನ್ನು ಆ ರೆಕ್ಕೆಗಳ ನಡುವೆ ಎಳೆದು ಫ್ರೀಜರ್‌ಗೆ ಊದುತ್ತದೆ. ಅದೇ ಗಾಳಿಯ ಒಂದು ಪಾಲು ಒಂದು ಸಣ್ಣ ದಾರಿಯಲ್ಲಿ ಕೆಳಗಿಳಿದು ಹಾಲು, ಮೊಸರು, ಸಾರು ಇರುವ ಭಾಗಕ್ಕೆ ಬರುತ್ತದೆ. ಕೆಳಗಿನ ಭಾಗಕ್ಕೆ ಅಂತ ಬೇರೆ ಕಾಯಿಲ್ ಸಾಮಾನ್ಯವಾಗಿ ಇರುವುದಿಲ್ಲ. ಕೆರೆ ತುಂಬಿದ ಮೇಲೆ ತೂಬಿನಿಂದ ಗದ್ದೆಗೆ ನೀರು ಬಂದ ಹಾಗೆ, ಕೆಳಗಿನದ್ದು ಬದುಕುವುದು ಮೇಲಿಂದ ಬರುವ ಗಾಳಿಯಿಂದ.

ನಾವು ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಗಾಳಿಯ ಜೊತೆ ತೇವ. ತೊಳೆದು ಹಾಗೇ ಇಟ್ಟ ಸೊಪ್ಪು, ಮುಚ್ಚದ ಸಾರಿನ ಪಾತ್ರೆ, ಇವೆಲ್ಲದರಿಂದಲೂ ತೇವ. ಈ ತೇವ ಅತೀ ತಣ್ಣನೆಯ ಕಾಯಿಲ್ ಮುಟ್ಟಿದ ತಕ್ಷಣ ಐಸ್ ಆಗಿ ಅಂಟಿಕೊಳ್ಳುತ್ತದೆ. ಗಂಟೆಗಟ್ಟಲೆ ಹೀಗೇ ಬಿಟ್ಟರೆ ರೆಕ್ಕೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಗಾಳಿ ನುಗ್ಗಲು ಜಾಗವಿಲ್ಲ. ಮೇಲಾಗಿ ಐಸ್ ಒಂದು ಕಂಬಳಿಯ ಹಾಗೆ. ಕಾಯಿಲ್‌ನ ತಂಪನ್ನು ಹೊರಗೆ ಬಿಡುವುದಿಲ್ಲ.

ಇದಕ್ಕೆ ಫ್ರಿಜ್ಜು ಮಾಡಿದವರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ತಣ್ಣಗಿಡುವ ಪೆಟ್ಟಿಗೆಯ ಒಳಗೇ, ಅದೂ ಅತಿ ತಣ್ಣನೆಯ ಜಾಗದಲ್ಲಿ, ಒಂದು ಹೀಟರ್ ಇಟ್ಟುಬಿಟ್ಟರು. ಹಳೇ ಟೈಮರ್ ಇರುವ ಫ್ರಿಜ್ಜುಗಳಲ್ಲಿ ಕಂಪ್ರೆಸರ್ 8ರಿಂದ 12 ಗಂಟೆ ಓಡಿದ ಮೇಲೆ ಒಮ್ಮೆ ಕಂಪ್ರೆಸರ್ ನಿಂತು, ಈ ಹೀಟರ್ ಹೊತ್ತಿಕೊಳ್ಳುತ್ತದೆ. ಹೊಸದರಲ್ಲಿ ಯಾವಾಗ ಅನ್ನುವುದನ್ನು ಬೋರ್ಡೇ ತೀರ್ಮಾನಿಸುತ್ತದೆ. ಕಾಲು ಗಂಟೆಯೋ ಅರ್ಧ ಗಂಟೆಯೋ ಕಾಯಿಲ್ ಬಿಸಿಯಾಗಿ ಐಸೆಲ್ಲ ಕರಗುತ್ತದೆ. ನೀರು ಹಿಂದಿನ ತೂತಿನಿಂದ ಪೈಪಿನಲ್ಲಿ ಇಳಿದು ಕಂಪ್ರೆಸರ್ ಮೇಲಿನ ತಟ್ಟೆಗೆ ಬೀಳುತ್ತದೆ. ಕಂಪ್ರೆಸರ್ ಬಿಸಿಗೆ ಅಲ್ಲೇ ಆರಿಹೋಗುತ್ತದೆ. ರಾತ್ರಿ ಹೊತ್ತು ಫ್ರಿಜ್ಜಿನೊಳಗೆ ಚಟ್ ಚಟ್ ಅನ್ನುವ ಸದ್ದು, ಸುಯ್ ಅಂತ ಹನಿ ಆವಿಯಾಗುವ ಸದ್ದು ಕೇಳಿದ್ದೀರಲ್ವಾ? ಅದು ಇದೇ. ಹೆದರಬೇಕಿಲ್ಲ.

ಈ ಹೀಟರ್‌ಗೆ ಒಬ್ಬ ಕಾವಲುಗಾರ ಇದ್ದಾನೆ. ರಿಪೇರಿಯವರು ಬೈಮೆಟಲ್ ಅನ್ನುತ್ತಾರೆ. ಎರಡು ಬೇರೆ ಲೋಹದ ತಗಡು ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಹಾಗಾಗಿ ತಗಡು ಬಾಗುತ್ತದೆ, ಬಾಗಿ ಕರೆಂಟ್ ಕಡಿಯುತ್ತದೆ. ಐಸ್ ಪೂರ್ತಿ ಕರಗಿ ಕಾಯಿಲ್ ಬೆಚ್ಚಗಾದ ಕೂಡಲೇ ಹೀಟರ್ ಆರಿಸುವುದು ಇದರ ಕೆಲಸ. ಮತ್ತೆ ತಣ್ಣಗಾದರೆ ತಗಡು ಮೊದಲಿನ ಹಾಗಾಗಿ ಮುಂದಿನ ಸಲಕ್ಕೆ ತಯಾರು. ಕೆಲವದರಲ್ಲಿ ಇದರ ಬದಲು ಸೆನ್ಸರ್ ಇರುತ್ತದೆ, ಜೊತೆಗೆ ಒಮ್ಮೆ ಸುಟ್ಟರೆ ಮುಗಿಯಿತು ಅನ್ನುವಂಥ ಒಂದು ಫ್ಯೂಸ್ ಇರುತ್ತದೆ.

ಈಗ ಈ ಬೈಮೆಟಲ್ ಬಾಗಿದ್ದು ಬಾಗಿದ ಹಾಗೇ ಉಳಿಯಿತು ಅಂದುಕೊಳ್ಳಿ. ಹೀಟರ್ ಹೊತ್ತುವುದೇ ಇಲ್ಲ. ಐಸ್ ದಿನೇ ದಿನೇ ಬೆಳೆಯುತ್ತದೆ. ಫ್ಯಾನ್ ಊದಲು ನೋಡುತ್ತದೆ, ಗಾಳಿ ಹೋಗದು. ಮೊದಲು ಬಾಯಾರುವುದು ತೂಬಿನ ಕೊನೆಯ ಗದ್ದೆ. ಕೆಳಗಿನ ಭಾಗ ಬೆಚ್ಚಗಾಗುತ್ತದೆ. ಮೇಲಿನ ಫ್ರೀಜರ್ ಕಾಯಿಲ್‌ಗೆ ಅಂಟಿಕೊಂಡೇ ಇರುವುದರಿಂದ ಇನ್ನಷ್ಟು ದಿನ ಗಟ್ಟಿಯಾಗಿಯೇ ಇರುತ್ತದೆ. ಅವರೆಬೇಳೆ ಕಲ್ಲು, ಇಡ್ಲಿ ಹಿಟ್ಟು ಉಕ್ಕು. ಎರಡೂ ಒಂದೇ ಕಾಯಿಲೆಯ ಗುರುತು.

ಇದು ಗೊತ್ತಾಗುವ ಮೊದಲು ನಾನು ಒಬ್ಬ ರಿಪೇರಿಯವನನ್ನು ಕರೆಸಿದ್ದೆ. ಬಂದ, ಕೆಳಗಿನ ಬಾಗಿಲು ತೆಗೆದು ಕೈ ಆಡಿಸಿದ, ಹಿಂದೆ ಹೋಗಿ ಕಂಪ್ರೆಸರ್ ಮುಟ್ಟಿದ. "ಗ್ಯಾಸ್ ಹೋಗಿದೆ ಸಾರ್. ಮೂರೂವರೆ ಸಾವಿರ ಆಗುತ್ತೆ." ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ನಾಳೆ ಹೇಳುತ್ತೇನೆ ಅಂತ ಕಳಿಸಿದೆ.

ಗ್ಯಾಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡು ಜಾಸ್ತಿ ಹೋಗುವುದು ಈ ಮಾತಿಗೇ. ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ. ಓಡಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಮ್ಮಿಯಾಗಿದೆ ಅಂದರೆ ಎಲ್ಲೋ ತೂತಾಗಿದೆ. ತೂತು ಹುಡುಕದೆ ಗ್ಯಾಸ್ ತುಂಬಿದರೆ ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆ. ಗ್ಯಾಸ್ ಕಮ್ಮಿಯಾದ ಫ್ರಿಜ್ಜಿನ ಕಾಯಿಲ್ ನೋಡಿದರೆ ಸುಮಾರಾಗಿ ಗೊತ್ತಾಗುತ್ತದೆ. ಐಸ್ ಶುರುವಿನ ಒಂದು ಮೂಲೆಯಲ್ಲಿ ಮಾತ್ರ ಇರುತ್ತದೆ, ಉಳಿದದ್ದು ಬರೀ ಅಲ್ಯೂಮಿನಿಯಂ. ಹೀಟರ್ ಕೆಟ್ಟ ಫ್ರಿಜ್ಜಿನಲ್ಲಿ ಕಾಯಿಲ್ ತುಂಬಾ ಒಂದೇ ಸಮ ಬಿಳೀ ಐಸ್. ಹಾಗಾಗಿ "ಫ್ರೀಜರ್ ಒಳಗಿನ ಹಿಂದಿನ ಪ್ಯಾನೆಲ್ ಬಿಚ್ಚಿ ಕಾಯಿಲ್ ತೋರಿಸಿ" ಅಂತ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಇನ್ನೊಂದು ಮಾತು. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅಡುಗೆ ಸಿಲಿಂಡರ್‌ನ ಗ್ಯಾಸಿನ ಹತ್ತಿರದ ನೆಂಟ. ಇರುವುದು ಬರೀ ಹತ್ತಾರು ಗ್ರಾಂ, ಆದರೂ ಬೆಂಕಿ ಹಿಡಿಯುತ್ತದೆ. ಕೊಳವೆಗೆ ಬೆಸುಗೆ ಹಾಕುವ ಕೆಲಸ ಇದು ಗೊತ್ತಿದ್ದವರದ್ದೇ ಆಗಬೇಕು. ಫ್ರಿಜ್ಜಿನ ಮಾಡೆಲ್ ನಂಬರ್ ಇರುವ ಚೀಟಿಯಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಬರೆದಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಖರ್ಚಿಲ್ಲ, ತಾಳ್ಮೆ ಬೇಕು. ಫ್ರಿಜ್ಜು ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆಗೆದು ಒಂದು ಹಗಲು ಒಂದು ರಾತ್ರಿ ಬಿಡುವುದು. ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಇನ್ನೂ ಬೇಗ. ಕೆಳಗೆ ಹಳೇ ಟವೆಲ್ ಹಾಸಿ, ನೀರು ಬರುತ್ತದೆ. ಚಾಕು, ಸ್ಕ್ರೂಡ್ರೈವರ್ ಹಿಡಿದು ಐಸ್ ಕೆರೆಯಲು ಹೋಗಬೇಡಿ. ಅಲ್ಯೂಮಿನಿಯಂ ಕೊಳವೆ ತೂತಾದರೆ ಇಲ್ಲದ ಗ್ಯಾಸ್ ಕಾಯಿಲೆಯನ್ನು ನೀವೇ ತಂದುಕೊಂಡಂತೆ. ಮಾರನೇ ದಿನ ಹಚ್ಚಿ. ಫ್ರಿಜ್ಜು ಹೊಸದರ ತರ ತಣ್ಣಗಾಗಿ, ಕೆಲವು ದಿನ ಚೆನ್ನಾಗಿದ್ದು, ಆಮೇಲೆ ಮತ್ತೆ ಕೂಗಿತು ಅಂದರೆ ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸ್ ಇದೆ, ಐಸ್ ಕರಗಿಸುವ ವ್ಯವಸ್ಥೆ ಕೆಟ್ಟಿದೆ ಅಂತ ಬಹುತೇಕ ಖಾತ್ರಿ. ಹಚ್ಚಿದ ಮೇಲೂ ಬೆಚ್ಚಗೇ ಇದ್ದರೆ ಬೇರೆ ಕಡೆ ನೋಡಬೇಕು: ಫ್ಯಾನ್, ಗ್ಯಾಸ್, ಕಂಪ್ರೆಸರ್.

ನಾವು ಇದನ್ನು ಮಾಡಿದೆವು. ಅವರೆಬೇಳೆ ಪೊಟ್ಟಣಗಳು ಪಕ್ಕದ ಮನೆಯ ಫ್ರೀಜರ್‌ಗೆ ಹೋದವು. ವಾಪಸ್ ಬಂದಾಗ ಒಂದು ಪೊಟ್ಟಣ ಕಮ್ಮಿ ಇತ್ತು. ಬಾಡಿಗೆ ಅಂದುಕೊಂಡೆವು. ಫ್ರಿಜ್ಜು ಒಂಬತ್ತು ದಿನ ಚೆನ್ನಾಗಿತ್ತು. ಹತ್ತನೇ ದಿನ ರಾತ್ರಿ ಕೋಳಿಮರಿ ಮತ್ತೆ ಕೂಗಿತು.

ಆಗ ಬಂದವರು ಬಟವಾಡಿ ಕಡೆಯ ಒಬ್ಬ ವಯಸ್ಸಾದ ರಿಪೇರಿಯವರು. ಮಾತು ಕಮ್ಮಿ. ಫ್ರೀಜರ್ ಖಾಲಿ ಮಾಡಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಪ್ಯಾನೆಲ್ ಅನ್ನು ನಿಧಾನವಾಗಿ ಎಳೆದರು. ಕರ್ ಅಂತ ಸದ್ದು ಮಾಡಿ ಬಂತು, ಐಸ್ ಹಿಡಿದುಕೊಂಡಿತ್ತು. ಹಿಂದೆ ಕಾಯಿಲ್ ಅಂತ ಒಂದಿದೆ ಅಂತಲೇ ಕಾಣುತ್ತಿರಲಿಲ್ಲ. ಸುಣ್ಣ ಹೊಡೆದ ಗೋಡೆ. "ನೋಡಿ ಸಾರ್, ಇಷ್ಟು ಐಸ್ ಕಟ್ಟೋಕೆ ಗ್ಯಾಸ್ ಬೇಕಲ್ವಾ? ಗ್ಯಾಸ್ ಹೋಗಿದ್ರೆ ಇದೆಲ್ಲಿಂದ ಬರ್ತದೆ?" ಅಂದರು. ಹೀಟರ್‌ನ ಎರಡು ತುದಿಗೆ ಮೀಟರ್ ಹಿಡಿದರು, ಅದು ಸರಿ ಇತ್ತು. ಬೈಮೆಟಲ್‌ಗೆ ಹಿಡಿದರು, ಅಷ್ಟು ತಣ್ಣಗಿದ್ದರೂ ಮೀಟರ್ ಸುಮ್ಮನಿತ್ತು, ಅಂದರೆ ಕರೆಂಟಿನ ದಾರಿ ಕಡಿದೇ ಇತ್ತು. ಕಿತ್ತು ನನ್ನ ಕೈಗೆ ಕೊಟ್ಟರು. ಗುಂಡಿಯಷ್ಟು ದೊಡ್ಡದು, ಎರಡು ವೈರು. ಹೊಸದು ಹಾಕಿ, ಕೂಲಿ ಸೇರಿ ತೆಗೆದುಕೊಂಡದ್ದು ಆ ಗ್ಯಾಸಿನವನು ಕೇಳಿದ ದುಡ್ಡಿನ ಅರ್ಧಕ್ಕಿಂತಲೂ ಕಮ್ಮಿ.

ಎಲ್ಲ ಕೂಗಿಗೂ ಇದೇ ಕಾರಣ ಅಂತಲ್ಲ. ಸೆನ್ಸರ್ ಕೆಟ್ಟರೂ ಕೂಗುತ್ತದೆ. ಸೆನ್ಸರ್ ಅಂದರೆ ಹುಣಸೇ ಬೀಜದಷ್ಟು ಪ್ಲಾಸ್ಟಿಕ್ ತುಂಡು. ತಣ್ಣಗಾದಷ್ಟೂ ಅದರೊಳಗೆ ಕರೆಂಟ್ ಹರಿಯುವುದು ಕಷ್ಟವಾಗುತ್ತದೆ. ಎಷ್ಟು ಕಷ್ಟ ಅಂತ ಅಳೆದು ಬೋರ್ಡು ಡಿಗ್ರಿ ಲೆಕ್ಕ ಹಾಕುತ್ತದೆ. ವೈರ್ ತುಂಡಾದರೆ ಲೆಕ್ಕ ಎಲ್ಲೆ ಮೀರುತ್ತದೆ, ಫಲಕದಲ್ಲಿ ನಂಬರ್ ಬರುತ್ತದೆ. ಫ್ಯಾನ್ ನಿಂತರೂ ಕೂಗುತ್ತದೆ. ಇವು ಕೈಗೆಟುಕುವ ಬೆಲೆಯ ಭಾಗಗಳು. ಬೋರ್ಡು ಮಾತ್ರ ದುಬಾರಿ. "ಬೋರ್ಡ್ ಹೋಗಿದೆ" ಅಂದರೆ ಸೆನ್ಸರ್ ಮತ್ತು ವೈರ್ ನೋಡಿದಿರಾ ಅಂತ ಒಮ್ಮೆ ಕೇಳಿ.

ನಮ್ಮ ಕಡೆ ಕರೆಂಟಿನದ್ದೂ ಒಂದು ಪಾತ್ರ ಇದೆ. ಬೇಸಿಗೆಯಲ್ಲಿ, ಅದರಲ್ಲೂ ಪಾವಗಡ, ಮಧುಗಿರಿ, ಶಿರಾ ಕಡೆ ಹಳ್ಳಿಗಳಲ್ಲಿ, ಪಂಪ್‌ಸೆಟ್ ಎಲ್ಲ ಒಟ್ಟಿಗೆ ಹೊತ್ತಿದಾಗ ವೋಲ್ಟೇಜ್ ಇಳಿಯುವುದು ಹೊಸದಲ್ಲ. ನಮ್ಮಲ್ಲಿ ಇರಬೇಕಾದದ್ದು 230 ವೋಲ್ಟ್. ಹಳೇ ತರದ ಕಂಪ್ರೆಸರ್ ಕಮ್ಮಿ ವೋಲ್ಟೇಜಿನಲ್ಲಿ ಏಳಲಾರದೆ ಗುಂಯ್ ಅಂತ ಮುಲುಗಿ, ಟಕ್ ಅಂತ ಕಡಿದುಕೊಳ್ಳುತ್ತದೆ. ಕೆಲವು ನಿಮಿಷಕ್ಕೊಮ್ಮೆ ಈ ಗುಂಯ್-ಟಕ್ ಕೇಳುತ್ತಿದ್ದರೆ ಪ್ಲಗ್ ಕಿತ್ತುಬಿಡಿ. ಕರೆಂಟ್ ಹೋಗಿ ತಕ್ಷಣ ಬಂದಾಗಲೂ ಇದೇ ಕಷ್ಟ. ಕೊಳವೆಯೊಳಗಿನ ಒತ್ತಡ ಎರಡೂ ಕಡೆ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೇ ಸ್ಟೆಬಿಲೈಜರ್‌ಗಳಲ್ಲಿ ತಡಮಾಡಿ ಹಚ್ಚುವ ಏರ್ಪಾಡು ಇರುವುದು. ಇನ್ನು "ಇನ್ವರ್ಟರ್ ಫ್ರಿಜ್ಜು" ಅನ್ನುವ ಹೆಸರು. ನಮ್ಮ ಮಾವ ಒಬ್ಬರು ಕರೆಂಟ್ ಹೋದಾಗಲೂ ಓಡುತ್ತದೆ ಅಂತಲೇ ಅದನ್ನು ತಂದರು. ಹಾಗಲ್ಲ. ಅದರ ಕಂಪ್ರೆಸರ್ ಪೂರ್ತಿ ಓಡುವುದು, ಪೂರ್ತಿ ನಿಲ್ಲುವುದು ಬಿಟ್ಟು, ಬೇಕಾದಷ್ಟು ವೇಗದಲ್ಲಿ ಓಡುತ್ತದೆ ಅಂತ ಅರ್ಥ. ಮನೆಯ ಬ್ಯಾಟರಿ ಇನ್ವರ್ಟರ್‌ಗೂ ಅದಕ್ಕೂ ಸಂಬಂಧವಿಲ್ಲ.

ಫ್ರಿಜ್ಜು ಕೂಗಿದ ರಾತ್ರಿ ಒಳಗಿದ್ದ ಊಟದ ಕಥೆ ಏನು? ಕೈಯಿಟ್ಟು ನೋಡಿ ಹೇಳಲು ಆಗುವುದಿಲ್ಲ. ಹೊರಗೆ 36 ಡಿಗ್ರಿ ಇರುವಾಗ ಒಳಗಿನ 12 ಡಿಗ್ರಿಯೂ ಕೈಗೆ ತಣ್ಣಗೇ. ನಾನು ಆಮೇಲೆ ಒಂದು ಸಣ್ಣ ಥರ್ಮಾಮೀಟರ್ ತಂದೆ. ಅದನ್ನು ಹಾಗೇ ಇಡಬಾರದು, ಬಾಗಿಲು ತೆಗೆದರೆ ಗಾಳಿಯ ಶಾಖ ತೋರಿಸುತ್ತದೆ. ಒಂದು ಲೋಟ ನೀರಿನಲ್ಲಿ ಮುಳುಗಿಸಿ ಮಧ್ಯದ ಅಟ್ಟದಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಬೇಕು. 5 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಸರಿ. ಫ್ರೀಜರ್‌ನಲ್ಲಿ ಮೈನಸ್ 18. ಕರೆಂಟ್ ಹೋದರೆ, ಬಾಗಿಲು ತೆಗೆಯದಿದ್ದರೆ, ಕೆಳಗಿನ ಭಾಗ ಸುಮಾರು 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಈ ಗಡುವು ದಾಟಿ ಬೆಚ್ಚಗಾದ ಅನ್ನ, ಸಾರು, ಮಾಂಸ, ಬೇಯಿಸಿದ ಕಾಳನ್ನು ವಾಸನೆ ನೋಡಿ ಉಳಿಸಿಕೊಳ್ಳಬೇಡಿ. ಕಾಯಿಲೆ ತರುವ ಬ್ಯಾಕ್ಟೀರಿಯಾ ಎಲ್ಲವೂ ವಾಸನೆ ಬರಿಸುವುದಿಲ್ಲ. ಉಪ್ಪಿನಕಾಯಿ, ಬೆಣ್ಣೆ, ಗಟ್ಟಿ ತರಕಾರಿಗೆ ಏನೂ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಹಿಟ್ಟಿಗಿಂತ ಮುಖ್ಯವಾದದ್ದು ಇನ್ನೊಂದಿತ್ತು. ಅಮ್ಮನ ಇನ್ಸುಲಿನ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ. ಐಸ್ ಆದರಂತೂ, ಆಮೇಲೆ ಕರಗಿದರೂ ಬಳಸಬಾರದು. ಇದು ಕೆಟ್ಟಿದೆ ಅಂತ ನೋಡಿ ಹೇಳುವುದೂ ಕಷ್ಟ. ಆದ್ದರಿಂದ ತಣ್ಣನೆ ಗಾಳಿ ಬರುವ ಕಿಂಡಿಯ ಎದುರು ಇಡಬಾರದು. ಬಾಗಿಲಿನ ಅಟ್ಟದಲ್ಲೂ ಬೇಡ, ತೆಗೆದು ಹಾಕುವಾಗಲೆಲ್ಲ ಶಾಖ ಏರಿಳಿಯುತ್ತದೆ. ಮಧ್ಯದ ಅಟ್ಟ, ಒಂದು ಡಬ್ಬಿಯೊಳಗೆ. ಫ್ರಿಜ್ಜು ಕೆಟ್ಟ ದಿನ ಅದನ್ನು ಔಷಧಿ ಅಂಗಡಿಯವರ ಬಳಿ ಕೇಳಿಕೊಂಡೆವು. ಎರಡು ದಿನ ಅವರ ಫ್ರಿಜ್ಜಿನಲ್ಲಿಟ್ಟುಕೊಂಡರು. ಎಷ್ಟು ಹೊತ್ತು ಬೆಚ್ಚಗಿತ್ತೋ ಗೊತ್ತಿಲ್ಲದ ಬಾಟಲಿಯನ್ನು ಮಾತ್ರ ಡಾಕ್ಟರಿಗೆ ಹೇಳಿ ಬದಲಾಯಿಸಿದೆವು.

ವಾರಂಟಿ ಇದ್ದರೆ ಹೊರಗಿನವರಿಂದ ಬಿಚ್ಚಿಸುವ ಮೊದಲು ಕಾರ್ಡ್ ಓದಿ. ಬಾಗಿಲ ಮೇಲೆ ದೊಡ್ಡದಾಗಿ ಹತ್ತು ವರ್ಷ ಅಂತ ಅಂಟಿಸಿರುವುದು ಸಾಮಾನ್ಯವಾಗಿ ಕಂಪ್ರೆಸರ್ ಒಂದಕ್ಕೆ. ಬೈಮೆಟಲ್, ಸೆನ್ಸರ್, ಬೋರ್ಡು ಅದರಲ್ಲಿ ಬರುವುದಿಲ್ಲ. ವಾರಂಟಿಯೊಳಗಿದ್ದೂ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ಲು, ಮಾಡೆಲ್ ನಂಬರ್ ಕೈಯಲ್ಲಿರಲಿ. ನಂಬರಿನ ಚೀಟಿ ಬಹಳಷ್ಟು ಫ್ರಿಜ್ಜುಗಳಲ್ಲಿ ಕೆಳಗಿನ ಭಾಗದ ಒಳಗೋಡೆಗೆ ಅಂಟಿಸಿರುತ್ತಾರೆ.

ಇದೆಲ್ಲ ಮುಗಿದು ತಿಂಗಳಾಗಿತ್ತು. ಗುಬ್ಬಿಯಿಂದ ಅಕ್ಕ ಫೋನ್ ಮಾಡಿದಳು. ಅವರ ಮನೆಯದ್ದೂ ಕೂಗುತ್ತಿದೆ, ನಾನೀಗ ಎಕ್ಸ್‌ಪರ್ಟ್ ಅಲ್ವಾ, ಬಂದು ನೋಡು ಅಂತ. ಥರ್ಮಾಮೀಟರ್ ಹಿಡಿದುಕೊಂಡು ಹೋದೆ. ಲೋಟದ ನೀರು 4 ಡಿಗ್ರಿ. ಹಾಲು ಚೆನ್ನಾಗಿದೆ, ಹಿಟ್ಟು ಉಕ್ಕಿಲ್ಲ. ಬಾಗಿಲು ಮುಚ್ಚಿದ್ದರೂ ಕೂಗು. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದೆ, ಬಿಗಿಯಾಗಿ ಹಿಡಿದುಕೊಂಡಿತ್ತು. ಅಂದರೆ ಸುತ್ತಲಿನ ರಬ್ಬರ್ ಸರಿ ಇದೆ. ಆಮೇಲೆ ಫೋನಿನ ವಿಡಿಯೋ ಹಚ್ಚಿ, ಫೋನನ್ನು ಒಳಗಿಟ್ಟು ಬಾಗಿಲು ಮುಚ್ಚಿದೆ. ಅರ್ಧ ನಿಮಿಷಕ್ಕೆ ತೆಗೆದು ನೋಡಿದರೆ ವಿಡಿಯೋದಲ್ಲಿ ಕತ್ತಲೇ ಇಲ್ಲ. ಬಾಗಿಲು ಮುಚ್ಚಿದ ಮೇಲೂ ಬಲ್ಬ್ ಉರಿಯುತ್ತಲೇ ಇದೆ. ಫ್ರಿಜ್ಜಿನ ಪ್ರಕಾರ ಅದರ ಬಾಗಿಲು ತೆರೆದೇ ಇದೆ.

ಬಾಗಿಲು ಮುಚ್ಚಿದ್ದು ಫ್ರಿಜ್ಜಿಗೆ ಗೊತ್ತಾಗುವುದು ಒಂದು ಸ್ವಿಚ್‌ನಿಂದ. ಕೆಲವದರಲ್ಲಿ ಒತ್ತುವ ಗುಂಡಿ, ಹೊಸದರಲ್ಲಿ ಬಾಗಿಲೊಳಗೆ ಒಂದು ಮ್ಯಾಗ್ನೆಟ್, ಅದನ್ನು ಗುರುತಿಸುವ ಸ್ವಿಚ್ ಫ್ರಿಜ್ಜಿನ ಮೈಯಲ್ಲಿ. ಅಕ್ಕನದ್ದು ಗುಂಡಿಯದ್ದು. ಬೆರಳಿನಿಂದ ಒತ್ತಿದರೆ ವಾಪಸ್ ಬರುವುದೂ ಕಷ್ಟ, ಪೂರ್ತಿ ಒಳಗೆ ಹೋಗುವುದೂ ಕಷ್ಟ. ಸುತ್ತಲೂ ಬೆಲ್ಲದ ಪಾಕದ ತರ ಏನೋ ಗಟ್ಟಿಯಾಗಿತ್ತು. ಪ್ಲಗ್ ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿ, ನಾಲ್ಕಾರು ಸಲ ಒತ್ತಿ ಬಿಟ್ಟೆ. ಬಲ್ಬ್ ಆರಿತು, ಕೂಗು ನಿಂತಿತು.

"ಅಷ್ಟೇನಾ?" ಅಂದಳು ಅಕ್ಕ. ಸ್ವಲ್ಪ ನಿರಾಸೆ ಆದ ಹಾಗಿತ್ತು. ಭಾವ ಆಗಲೇ ಹೊಸ ಫ್ರಿಜ್ಜಿನ ರೇಟು ಕೇಳಿಕೊಂಡು ಬಂದಿದ್ದರು.